ಕಾಗದದ ಬಾಣಕ್ಕೆ ಕಬ್ಬಿಣದ ಕೊಳವೆ

ದೀಪಾವಳಿಯ ಸಂಜೆ ಖಾಲಿ ಬಾಟಲಿಯೊಳಗೆ ಕಡ್ಡಿ ಇಳಿಬಿಟ್ಟು, ಊದುಬತ್ತಿಯ ಕೆಂಡವನ್ನು ರಾಕೆಟ್ಟಿನ ಬತ್ತಿಗೆ ತಾಗಿಸಿ ಓಡಿಬರುವ ಹುಡುಗನಿಗೆ ತಾನು ಹಾರಿಸಿದ್ದು ಎಷ್ಟು ಹಳೆಯ ಯಂತ್ರ ಎಂಬುದು ತಿಳಿದಿರುವುದಿಲ್ಲ. ಒಂದು ತುದಿ ಮುಚ್ಚಿದ ಕಾಗದದ ಕೊಳವೆ, ಒಳಗೆ ಒತ್ತಿ ತುಂಬಿದ ಮದ್ದು, ಕೆಳಗೆ ಕಿರಿದಾದ ಬಾಯಿ, ಪಕ್ಕಕ್ಕೆ ಕಟ್ಟಿದ ಉದ್ದನೆಯ ಕಡ್ಡಿ. ಇಷ್ಟೇ ಅದರ ಅಂಗಾಂಗ. ಶತಮಾನಗಳ ಕಾಲ ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಯಾವುದೂ ಆಗಲಿಲ್ಲ. ಆದದ್ದು ಒಂದೇ, ಕೊಳವೆಯಲ್ಲಿ. ಕಾಗದ, ಬಿದಿರುಗಳ ಜಾಗಕ್ಕೆ ಕಬ್ಬಿಣ ಬಂತು. ಆ ಕಬ್ಬಿಣದ ಕೊಳವೆ ದೊಡ್ಡ ಪ್ರಮಾಣದಲ್ಲಿ ರಣರಂಗಕ್ಕೆ ಇಳಿದು ಲೋಕದ ಗಮನ ಸೆಳೆದದ್ದು ಹದಿನೆಂಟನೆಯ ಶತಮಾನದ ಮೈಸೂರಿನಿಂದ.

ಮೈಸೂರಿನ ರಾಕೆಟ್ಟಿನ ಮಾತು ಬಂದಾಗಲೆಲ್ಲ ಎರಡು ಬಗೆಯ ಅತಿರೇಕಗಳು ಎದುರಾಗುತ್ತವೆ. ಜಗತ್ತಿನ ಮೊತ್ತಮೊದಲ ರಾಕೆಟ್ಟನ್ನು ಟಿಪ್ಪು ಸುಲ್ತಾನನೇ ಕಂಡುಹಿಡಿದ ಎನ್ನುವುದು ಒಂದು. ಅದೊಂದು ದೊಡ್ಡ ಸೈಜಿನ ಪಟಾಕಿ, ಕುದುರೆಗಳನ್ನು ಬೆದರಿಸುವುದಕ್ಕಷ್ಟೇ ಬಂತು ಎನ್ನುವುದು ಇನ್ನೊಂದು. ಎರಡೂ ನಿಜವಲ್ಲ. ನಿಜವೇನೆಂದು ತಿಳಿಯಬೇಕಾದರೆ ಮೊದಲು ಮದ್ದಿನ ಕತೆಯನ್ನು ಸ್ವಲ್ಪ ಕೇಳಬೇಕು.

ಕನ್ನಡದಲ್ಲಿ ಮದ್ದು ಎಂದರೆ ಔಷಧಿಯೂ ಹೌದು, ಕೋವಿಗೆ ತುಂಬುವ ಪುಡಿಯೂ ಹೌದು. ಸೋಜಿಗದ ಸಂಗತಿಯೆಂದರೆ ಚೀನೀ ಭಾಷೆಯಲ್ಲೂ ಸಿಡಿಮದ್ದಿಗೆ ಇರುವ ಹೆಸರು ‘ಹುವೋ ಯಾವ್’, ಅಂದರೆ ‘ಬೆಂಕಿಯ ಔಷಧಿ’. ಅಲ್ಲಿ ಆ ಹೆಸರಿಗೆ ಕಾರಣವೂ ಉಂಟು. ಸಾವನ್ನು ಗೆಲ್ಲುವ ರಸಾಯನವನ್ನು ಹುಡುಕುತ್ತ ಗಂಧಕ, ಪೆಟ್ಲುಪ್ಪುಗಳನ್ನು ಬೆರೆಸಿ ಕಾಯಿಸುತ್ತಿದ್ದ ರಸವಾದಿಗಳ ಗಡ್ಡ ಸುಟ್ಟು, ಮನೆ ಉರಿದ ಪ್ರಸಂಗಗಳು ಚೀನೀ ಗ್ರಂಥಗಳಲ್ಲಿ ಇವೆ. ಆಯುಸ್ಸು ಹೆಚ್ಚಿಸುವ ಮದ್ದನ್ನು ಹುಡುಕಹೊರಟವರಿಗೆ ಸಿಕ್ಕಿದ್ದು ಈ ಮದ್ದು! 1044ರಲ್ಲಿ ಸಿದ್ಧವಾದ ‘ವು ಜಿಂಗ್ ಜೊಂಗ್ ಯಾವ್’ ಎಂಬ ಯುದ್ಧಶಾಸ್ತ್ರದ ಗ್ರಂಥದಲ್ಲಿ ಮದ್ದಿನ ಪಾಕಗಳನ್ನು ವಿವರವಾಗಿ ಕೊಡಲಾಗಿದೆ. 1232ರಲ್ಲಿ ಮಂಗೋಲರು ಕೈಫೆಂಗ್ ನಗರವನ್ನು ಮುತ್ತಿದಾಗ ಒಳಗಿನವರು ‘ಹಾರುವ ಬೆಂಕಿಯ ಭರ್ಜಿ’ಗಳನ್ನು ಬಳಸಿದರೆಂಬ ದಾಖಲೆಯಿದೆ. ಅವು ನಿಜವಾಗಿ ಹಾರಿದ ರಾಕೆಟ್ಟುಗಳೋ ಅಥವಾ ಕೈಯಲ್ಲಿ ಹಿಡಿದು ಬೆಂಕಿ ಉಗುಳಿಸುವ ಕೊಳವೆಗಳೋ ಎಂಬ ಚರ್ಚೆ ವಿದ್ವಾಂಸರಲ್ಲಿ ಮುಗಿದಿಲ್ಲ.

ಮದ್ದಿನಲ್ಲಿರುವುದು ಮೂರೇ ವಸ್ತು: ಪೆಟ್ಲುಪ್ಪು, ಇದ್ದಿಲು, ಗಂಧಕ. ಕೋವಿಯ ಮದ್ದಿಗಾದರೆ ನೂರರಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲೂ ಗಂಧಕವೂ ಉರಿಯುವ ವಸ್ತುಗಳು. ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುವುದು ಪೆಟ್ಲುಪ್ಪು. ಗಾಳಿಯ ಹಂಗಿಲ್ಲದೆ, ಮುಚ್ಚಿದ ಕೊಳವೆಯೊಳಗೂ ಮದ್ದು ಉರಿಯುವುದು ಇದರಿಂದಲೇ. ಹಳೆಯ ಗೋಡೆಯ ಬುಡ, ಕೊಟ್ಟಿಗೆಯ ನೆಲ, ಗೊಬ್ಬರ ಕೊಳೆತ ಜಾಗಗಳಲ್ಲಿ ಬೆಳ್ಳಗೆ ಹೂವಿನಂತೆ ಮೇಲೇಳುವ ಉಪ್ಪಿನ ಮಣ್ಣನ್ನು ನೀರಲ್ಲಿ ಕಲಸಿ, ಸೋಸಿ, ಕುದಿಸಿ ಪೆಟ್ಲುಪ್ಪು ತೆಗೆಯುತ್ತಿದ್ದರು. ನಮ್ಮ ಪುರಾಣಗಳ ಆಗ್ನೇಯಾಸ್ತ್ರದಲ್ಲಿ ಸಿಡಿಮದ್ದನ್ನು ಕಾಣುವವರಿದ್ದಾರೆ. ಅರ್ಥಶಾಸ್ತ್ರದಲ್ಲಿ ಶತ್ರುವಿನ ಕೋಟೆಗೆ ಬೆಂಕಿ ಹಚ್ಚುವ ಮಿಶ್ರಣಗಳ ವಿವರ ಇರುವುದು ನಿಜ. ಆದರೆ ಅಲ್ಲಿನ ಪಟ್ಟಿಗಳಲ್ಲಿ ಪೆಟ್ಲುಪ್ಪು ಇಲ್ಲ. ಪೆಟ್ಲುಪ್ಪಿಲ್ಲದ ಬೆಂಕಿ ಸುಡಬಲ್ಲದು, ಕೊಳವೆಯನ್ನು ಹಾರಿಸಲಾರದು.

ಭಾರತದಲ್ಲಿ ಬಾಣಬಿರುಸುಗಳ ಇತಿಹಾಸವನ್ನು ಹಸ್ತಪ್ರತಿಗಳಿಂದ ಹೆಕ್ಕಿ ತೆಗೆದವರು ಪುಣೆಯ ಭಂಡಾರಕರ್ ಸಂಸ್ಥೆಯ ವಿದ್ವಾಂಸ ಪಿ.ಕೆ. ಗೋಡೆ. ಅವರ ಕಿರುಹೊತ್ತಗೆ 1953ರಲ್ಲಿ ಬೆಂಗಳೂರಿನ ಬಸವನಗುಡಿಯ ಸಂಸ್ಕೃತಿ ಸಂಸ್ಥೆಯಿಂದ ಪ್ರಕಟವಾಯಿತು. ಅವರು ತಮ್ಮ ಚರಿತ್ರೆಯನ್ನು ಆರಂಭಿಸುವುದು ಕ್ರಿ.ಶ. 1400ರಿಂದ. ಅವರಿಗೆ ದೊರೆತ ಹಳೆಯ ಸಾಕ್ಷ್ಯಗಳಲ್ಲಿ ಒಂದು ವಿಜಯನಗರದ್ದು. 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಪರ್ಷಿಯಾದಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ಮಹಾನವಮಿಯ ಉತ್ಸವವನ್ನು ಕಂಡು, ಅಲ್ಲಿನ ಬಿರುಸುಬಾಣಗಳ ಬಗೆಗಳನ್ನೆಲ್ಲ ಹೇಳಹೊರಟರೆ ಮುಗಿಯದು ಎಂಬರ್ಥದ ಮಾತು ಬರೆದಿದ್ದಾನೆ. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಯಸ್ ಕೂಡ ಅದೇ ಹಬ್ಬದಲ್ಲಿ ಕೋಟೆಯಾಕಾರದ ಕಟ್ಟಡಗಳು ಹೊತ್ತಿ ಉರಿದು ಅವುಗಳೊಳಗಿಂದ ಬಾಣಗಳು ಚಿಮ್ಮುತ್ತಿದ್ದುದನ್ನು ವರ್ಣಿಸುತ್ತಾನೆ.

ಆ ರಾತ್ರಿಗಳ ಆಕಾಶವನ್ನು ಇಂದಿನ ಆಕಾಶದಂತೆ ಕಲ್ಪಿಸಿಕೊಳ್ಳಬಾರದು. ಅಲ್ಲಿ ಇದ್ದದ್ದು ಇದ್ದಿಲು ಮತ್ತು ಕಬ್ಬಿಣದ ಅರದ ಪುಡಿ ಕೊಡುವ ಹೊಂಬಣ್ಣ, ಹೆಚ್ಚೆಂದರೆ ಬಿಳಿ. ಈಗ ಕಾಣುವ ಗಾಢವಾದ ಕೆಂಪು, ಹಸಿರುಗಳಿಗೆ ಪೆಟ್ಲುಪ್ಪಿಗಿಂತ ಬಿಸಿಯಾಗಿ ಉರಿಸಬಲ್ಲ ವಸ್ತು ಬೇಕಿತ್ತು. ಅಂಥದ್ದನ್ನು, ಪೊಟ್ಯಾಸಿಯಂ ಕ್ಲೋರೇಟನ್ನು, ಫ್ರೆಂಚ್ ರಸಾಯನಶಾಸ್ತ್ರಜ್ಞ ಬರ್ತೊಲೆ ತಯಾರಿಸಿದ್ದು 1780ರ ದಶಕದಲ್ಲಿ. ಅದು ಬಿರುಸಿಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಸ್ಟ್ರಾನ್ಷಿಯಂ ಕೆಂಪನ್ನೂ ಬೇರಿಯಂ ಹಸಿರನ್ನೂ ತಾಮ್ರ ನೀಲಿಯನ್ನೂ ಕೊಡತೊಡಗಿದ್ದು ಆಮೇಲೆ.

ಹಬ್ಬದಲ್ಲಿ ಹಾರಿದ್ದೇ ಯುದ್ಧದಲ್ಲೂ ಹಾರಿತು. ಕನ್ನಡದ ‘ಬಾಣ’ ಎಂಬ ಮಾತು ಬಿಲ್ಲಿನ ಅಂಬಿಗೂ ಆಕಾಶಬಾಣಕ್ಕೂ ಸಲ್ಲುವಂತೆ, ಉತ್ತರದ ಸೈನ್ಯಗಳಲ್ಲೂ ರಾಕೆಟ್ಟಿನ ಹೆಸರು ‘ಬಾನ್’ ಎಂದೇ ಇತ್ತು. ಮೊಗಲರೂ ಮರಾಠರೂ ಅದನ್ನು ಬಳಸುತ್ತಿದ್ದರು. ಹೈದರಾಲಿಯ ತಂದೆ ಫತೇ ಮಹಮ್ಮದ್ ಆರ್ಕಾಟಿನ ನವಾಬನ ಕೈಕೆಳಗೆ ಐವತ್ತು ಮಂದಿ ಬಾಣಗಾರರ ಮುಖ್ಯಸ್ಥನಾಗಿದ್ದನಂತೆ. ಹಾಗೆ ನೋಡಿದರೆ ಹೈದರನಿಗೆ ರಾಕೆಟ್ಟು ಮನೆಯ ವಿದ್ಯೆ.

ಹಾಗಿದ್ದ ಮೇಲೆ ಮೈಸೂರಿನಲ್ಲಿ ಹೊಸದೇನು? ಇಲ್ಲಿ ರಾಕೆಟ್ಟು ಹಾರುವ ಬಗೆಯನ್ನು ತುಸು ನೋಡಬೇಕು. ಮದ್ದು ಉರಿದಾಗ ಹುಟ್ಟುವ ಬಿಸಿ ಅನಿಲ ಕೊಳವೆಯ ಎಲ್ಲ ಗೋಡೆಗಳನ್ನೂ ಒತ್ತುತ್ತದೆ. ಕೆಳಗಿನ ಕಿರುಬಾಯಿಯಿಂದ ಅದು ರಭಸವಾಗಿ ಹೊರನುಗ್ಗಿದಾಗ ಕೊಳವೆ ಎದುರು ದಿಕ್ಕಿಗೆ, ಮೇಲಕ್ಕೆ, ತಳ್ಳಲ್ಪಡುತ್ತದೆ. ಒಳಗಿನ ಒತ್ತಡ ಹೆಚ್ಚಿದಷ್ಟೂ ಅನಿಲದ ರಭಸ ಹೆಚ್ಚು, ರಾಕೆಟ್ಟಿನ ಓಟವೂ ಹೆಚ್ಚು. ಆದರೆ ಒತ್ತಡವನ್ನು ಬೇಕಾದಷ್ಟು ಹೆಚ್ಚಿಸಲು ಕೊಳವೆ ಬಿಡಬೇಕಲ್ಲ! ಕಾಗದದ್ದಾಗಲಿ ಬಿದಿರಿನದ್ದಾಗಲಿ ಒಂದು ಮಿತಿ ದಾಟಿದರೆ ಸೀಳಿಹೋಗುತ್ತದೆ. ಆದ್ದರಿಂದ ಪಟಾಕಿ ಕಟ್ಟುವವನು ಬೇಕೆಂದೇ ಇದ್ದಿಲು ಹೆಚ್ಚು ಹಾಕಿ ಮದ್ದಿನ ಉರಿಯನ್ನು ನಿಧಾನಗೊಳಿಸುತ್ತಾನೆ. ಕೊಳವೆಯನ್ನು ಬಲಪಡಿಸದೆ ಮದ್ದನ್ನು ಬಲಪಡಿಸಿ ಫಲವಿಲ್ಲ.

ಮೈಸೂರಿನ ಕುಶಲಿಗಳು ಕೊಳವೆಯನ್ನು ಬಡಿದು ಹದಮಾಡಿದ ಮೆದು ಕಬ್ಬಿಣದಲ್ಲಿ ಮಾಡಿದರು. ಇದು ಹೇಳಿದಷ್ಟು ಸುಲಭದ ಕೆಲಸವಲ್ಲ. ತಗಡು ಒಂದೇ ದಪ್ಪಕ್ಕೆ ಬರಬೇಕು, ಸುರುಳಿ ಸುತ್ತಿ ಕೂಡಿಸಿದ ಅಂಚು ಬಿಡಬಾರದು, ಮುಚ್ಚಿದ ತುದಿ ಹಾರಿಹೋಗಬಾರದು, ಇಷ್ಟಾದರೂ ತೂಕ ಮಿತಿಮೀರಬಾರದು. ಅಂಥ ಕೆಲಸ ಬಲ್ಲ ಕಮ್ಮಾರಿಕೆ ಈ ಸೀಮೆಯಲ್ಲಿ ಇತ್ತು. 1800ರಲ್ಲಿ ಈ ರಾಜ್ಯವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಹಳ್ಳಿಗಳ ಕಬ್ಬಿಣದ ಕುಲುಮೆಗಳನ್ನು ವಿವರಿಸುತ್ತಾನೆ. ಚನ್ನಪಟ್ಟಣದಲ್ಲಿ ವೀಣೆ ಮುಂತಾದ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿ ದೂರದೂರುಗಳಿಗೆ ಹೋಗುತ್ತಿದ್ದುದನ್ನೂ ಬರೆದಿದ್ದಾನೆ. ತಂತಿ ಎಳೆಯುವ ಕೈಗೂ ಕೊಳವೆ ಬಡಿಯುವ ಕೈಗೂ ಸಂಬಂಧವಿತ್ತೆಂದು ಹೇಳಲು ಆಧಾರ ಬೇಕು, ಆದರೆ ಲೋಹದ ಹದ ಬಲ್ಲವರಿಗೆ ಇಲ್ಲಿ ಬರವಿರಲಿಲ್ಲ ಎಂಬುದಂತೂ ಸ್ಪಷ್ಟ.

ಈ ರಾಕೆಟ್ಟುಗಳು ಹೇಗಿದ್ದವೆಂದು ಊಹಿಸಬೇಕಾದ್ದಿಲ್ಲ. ಶ್ರೀರಂಗಪಟ್ಟಣದಿಂದ ಹೋದ ಎರಡು ರಾಕೆಟ್ಟುಗಳು ಲಂಡನ್ನಿನ ವುಲಿಚ್‌ನ ಫಿರಂಗಿ ದಳದ ಸಂಗ್ರಹ ಸೇರಿದ್ದವು. ಬೆಂಗಳೂರಿನ ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಅವುಗಳ ಅಳತೆಯನ್ನು ಕೊಟ್ಟಿದ್ದಾರೆ. ಒಂದರ ಕೊಳವೆ 10 ಅಂಗುಲ ಉದ್ದ, 2.3 ಅಂಗುಲ ದಪ್ಪ. ಅದನ್ನು ತೊಗಲಿನ ಪಟ್ಟಿಗಳಿಂದ ಬಿಗಿದಿರುವುದು 3 ಅಡಿ 4 ಅಂಗುಲದ ನೇರ ಕತ್ತಿಯ ಅಲಗಿಗೆ. ಇನ್ನೊಂದರದು 7.8 ಅಂಗುಲ ಉದ್ದ, ಒಂದೂವರೆ ಅಂಗುಲ ದಪ್ಪ. ಅದಕ್ಕೆ 6 ಅಡಿ 3 ಅಂಗುಲದ ಬಿದಿರಿನ ಗಳು. ಕಡ್ಡಿಯ ಕೆಲಸವೇ ಕತ್ತಿಯದೂ: ಓಟ ಓಲಾಡದಂತೆ ಹಿಡಿದಿಡುವುದು. ಆದರೆ ಮದ್ದು ತೀರಿ ಕೆಳಗುರುಳುವಾಗ ಅಲಗು ಗಿರಗಿರನೆ ತಿರುಗುತ್ತ ದಂಡಿನ ಮೇಲೆ ಬೀಳುತ್ತಿತ್ತು. ಹಾರುವ ದೂರ ಸಾವಿರ ಗಜ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಹೈದರನ ಕಾಲಕ್ಕೆ 1200 ಮಂದಿಯಿದ್ದ ಬಾಣಗಾರರ ಪಡೆ ಟಿಪ್ಪುವಿನ ಕಾಲಕ್ಕೆ 5000ಕ್ಕೆ ಬೆಳೆದಿತ್ತೆನ್ನುತ್ತಾರೆ. ಟಿಪ್ಪು ಬರೆಸಿದ ‘ಫತುಲ್ ಮುಜಾಹಿದೀನ್’ ಎಂಬ ಪಾರಸಿ ಸೇನಾ ಕೈಪಿಡಿಯ ಪ್ರಕಾರ ‘ಕುಶೂನ್’ ಎಂಬ ಪ್ರತಿ ತುಕಡಿಗೂ ಇನ್ನೂರು ಮಂದಿ ಬಾಣಗಾರರು. ಗುರಿಯ ದೂರ ಮತ್ತು ಕೊಳವೆಯ ದಪ್ಪ ನೋಡಿ ಎಷ್ಟು ಓರೆಗೆ ನಿಲ್ಲಿಸಬೇಕೆಂಬ ಲೆಕ್ಕದಲ್ಲಿ ಅವರಿಗೆ ತರಬೇತಿ ಇತ್ತು. ಒಮ್ಮೆಗೇ ಹಲವು ಬಾಣಗಳನ್ನು ಬಿಡುವ ಗಾಲಿಬಂಡಿಗಳೂ ಇದ್ದವು.

ಗುರಿ ಕರಾರುವಾಕ್ಕಾಗಿರುತ್ತಿರಲಿಲ್ಲ. ಗಾಳಿ ತಿರುಗಿದರೆ ಬಾಣವೂ ತಿರುಗೀತು. ಆದರೆ ಒತ್ತಾಗಿ ನಿಂತ ದಂಡಿನ ನಡುವೆ ನೂರಾರು ಬಾಣ ಬಂದು ಬಿದ್ದಾಗ ಒಂದೊಂದಕ್ಕೂ ಗುರಿ ಬೇಕಾಗುವುದಿಲ್ಲ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ದಂಡು ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳ ನಡುವೆ ಸಿಕ್ಕಿಬಿತ್ತು. ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದವು, ದಂಡು ಚೆದುರಿತು, ಬೇಲಿ ಸೆರೆಯಾದ. ಬಂಡಿಗಳಿಗೆ ತಾಗಿದ್ದು ಬಾಣವೋ ಫಿರಂಗಿಯ ಗುಂಡೋ ಎಂಬಲ್ಲಿ ಬರೆದವರೊಳಗೆ ಒಮ್ಮತವಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಡುವಣ ಗೋಡೆಯ ಚಿತ್ರದಲ್ಲಿ ಆ ಸ್ಫೋಟವನ್ನೂ ಪಲ್ಲಕ್ಕಿಯಲ್ಲಿ ಕುಳಿತ ಬೇಲಿಯನ್ನೂ ಇಂದಿಗೂ ನೋಡಬಹುದು.

ಕೊನೆಯ ಯುದ್ಧದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನಪೇಟೆಯ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ತುಕಡಿ ಬಾಣ ಮತ್ತು ಕೋವಿಗಳ ಎದುರು ಕತ್ತಲಲ್ಲಿ ದಿಕ್ಕುಗಾಣದೆ ಹಿಮ್ಮೆಟ್ಟಿತು. ಮರುದಿನ ಹಗಲಲ್ಲಿ ತೋಪು ಅವನ ವಶವಾಯಿತು ನಿಜ. ಆದರೆ ಆ ರಾತ್ರಿಯನ್ನು ಆತ ಮರೆಯಲಿಲ್ಲ. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎನಿಸಿ ನೆಪೋಲಿಯನ್ನನನ್ನು ಸೋಲಿಸಿದವನು ಈತನೇ. ತನ್ನದೇ ದೇಶದ ರಾಕೆಟ್ಟುಗಳೆಂದರೂ ಆತನಿಗೆ ಕೊನೆಯವರೆಗೆ ಒಲವಿರಲಿಲ್ಲ.

ಮೇ 4ರಂದು ಕೋಟೆ ಬಿತ್ತು. ಗೆದ್ದವರು ಮಾಡಿದ ಲೆಕ್ಕದಲ್ಲಿ ಬಾಣ ಬಿಡುವ 600 ಸಾಧನಗಳು, ಹಾರಿಸಲು ಸಿದ್ಧವಾಗಿದ್ದ 700 ಬಾಣಗಳು, ಮದ್ದು ತುಂಬದ 9000 ಖಾಲಿ ಕೊಳವೆಗಳು ಸಿಕ್ಕವು. ಖಾಲಿ ಕೊಳವೆಗಳ ಆ ಸಂಖ್ಯೆ ಗಮನಿಸಬೇಕಾದದ್ದು. ಇದು ಹಬ್ಬಕ್ಕೆ ನಾಲ್ಕು ಬಿರುಸು ಕಟ್ಟುವವರ ಅಂಗಡಿಯಲ್ಲ, ಕಾರ್ಖಾನೆ.

ಮಾದರಿಗಳು ವುಲಿಚ್ಚಿನ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿನ ಪ್ರಯೋಗಶಾಲೆಯ ಮುಖ್ಯಸ್ಥನ ಮಗ ವಿಲಿಯಂ ಕಾಂಗ್ರೀವ್ ಕೆಲಸಕ್ಕೆ ಕೈಹಾಕಿದ. ಅವನು ಮೊದಲು ಮಾಡಿದ್ದು ಲಂಡನ್ನಿನಲ್ಲಿ ಸಿಗುವ ಅತಿ ದೊಡ್ಡ ಬಿರುಸುಗಳನ್ನು ಸ್ವಂತ ಹಣದಿಂದ ಕೊಂಡು ಹಾರಿಸಿ ನೋಡಿದ್ದು. ಅವು ಐನೂರು ಆರುನೂರು ಗಜಕ್ಕೇ ನಿಂತವು, ಮೈಸೂರಿನ ಬಾಣ ಮುಟ್ಟುತ್ತಿದ್ದ ದೂರದ ಅರ್ಧವೂ ಇಲ್ಲ. ಆಮೇಲೆ ಅವನೂ ಕಬ್ಬಿಣದ ಕೊಳವೆಗೇ ಬಂದ. ಮದ್ದಿನ ಪಾಕವನ್ನು ಒಂದೇ ಸಮನಾಗಿಸಿ, ತೂಕ ಅಳತೆಗಳನ್ನು ಗೊತ್ತುಮಾಡಿ, ಯಂತ್ರಗಳಿಂದ ಸಾಲುಸಾಲಾಗಿ ತಯಾರಿಸಿ, ದೂರವನ್ನು ಮೂರು ಸಾವಿರ ಗಜದವರೆಗೆ ಏರಿಸಿದ. ಇದು ಬರಿಯ ನಕಲು ಎಂದು ನಾವು ಹೇಳಿಕೊಂಡರೆ ಅನ್ಯಾಯವಾಗುತ್ತದೆ. ಇಲ್ಲಿ ಕೈಗಳ ಅನುಭವದಲ್ಲಿದ್ದದ್ದು ಅಲ್ಲಿ ಅಳತೆ, ಪ್ರಯೋಗ, ಲೆಕ್ಕಗಳಿಗೆ ಒಳಪಟ್ಟಿತು. ಹಾಗೆಯೇ ತಾನು ಹೊರಟ ಜಾಗ ಯಾವುದೆಂದು ಕಾಂಗ್ರೀವ್ ಧಾರಾಳವಾಗಿ ಹೇಳಿಕೊಳ್ಳಲಿಲ್ಲ ಎಂಬುದೂ ಅಷ್ಟೇ ನಿಜ.

ಕಾಂಗ್ರೀವನ ರಾಕೆಟ್ಟುಗಳು 1806ರಲ್ಲಿ ಫ್ರಾನ್ಸಿನ ಬುಲೋನ್ ಬಂದರಿನ ಮೇಲೂ 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೂ ಬಿದ್ದವು. 1814ರ ಆಗಸ್ಟ್ 1ರಂದು ಲಂಡನ್ನಿನ ಉದ್ಯಾನಗಳಲ್ಲಿ ಶಾಂತಿಯ ವಿಜಯೋತ್ಸವ ನಡೆದಾಗ ಬಾಣಬಿರುಸುಗಳ ಉಸ್ತುವಾರಿ ಹೊತ್ತವನೂ ಅವನೇ. ಸೇಂಟ್ ಜೇಮ್ಸ್ ಪಾರ್ಕಿನ ಸೇತುವೆಯ ಮೇಲೆ ಕಟ್ಟಿದ್ದ ಮರದ ಪಗೋಡಾಕ್ಕೆ ಆ ರಾತ್ರಿ ಬೆಂಕಿ ಹತ್ತಿ ಉರಿದುಹೋಯಿತು. ಆರು ವಾರ ಕಳೆದ ಮೇಲೆ, ಸೆಪ್ಟೆಂಬರ್ 13ರ ರಾತ್ರಿ, ಅದೇ ಕಾಂಗ್ರೀವನ ರಾಕೆಟ್ಟುಗಳು ಅಮೆರಿಕದ ಬಾಲ್ಟಿಮೋರ್ ಬಂದರಿನ ಕೋಟೆಯ ಮೇಲೆ ಹಾರಿದವು. ಕೋಟೆ ಬೀಳಲಿಲ್ಲ. ಹಡಗಿನಿಂದ ಅದನ್ನು ನೋಡುತ್ತಿದ್ದ ವಕೀಲ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯ ಮುಂದೆ ಆ ದೇಶದ ರಾಷ್ಟ್ರಗೀತೆಯಾಯಿತು. ರಾಕೆಟ್ಟುಗಳ ಕೆಂಪು ಬೆಳಕಿನ ಮಾತು ಅದರಲ್ಲಿ ಬರುತ್ತದೆ.

ಇತ್ತ ಮೈಸೂರಿನಲ್ಲಿ ಸೈನ್ಯ ಹೋಯಿತು, ಸೈನ್ಯದ ಬೇಡಿಕೆಯೂ ಹೋಯಿತು. ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಬಳಿಯ ತಾರಾಮಂಡಲಪೇಟೆ ಎಂಬ ಹೆಸರು ಬಾಣಗಳನ್ನು ತಯಾರಿಸುತ್ತಿದ್ದ ಜಾಗದ ನೆನಪೆಂದು ಹೇಳುತ್ತಾರೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಗಳು ಉಳಿದಿವೆ. ಜೋಡಿ ರೈಲುಹಳಿಗೆ ಅಡ್ಡವಾದ ಒಂದನ್ನು 2017ರಲ್ಲಿ ಕೆಡವದೆ ಬುಡಸಮೇತ ಎತ್ತಿ ಸುಮಾರು ನೂರು ಮೀಟರು ಆಚೆಗೆ ಸರಿಸಿದರು. ಬಾಣ ಮಾತ್ರ ಮತ್ತೆ ಹಬ್ಬದ ಕಾಗದದ ಕೊಳವೆಗೇ ಮರಳಿತು. ಆಟಕ್ಕೆ ಅದೇ ಸರಿ: ಕಾಗದ ಸಿಡಿದರೆ ಚೂರಾಗಿ ಹಾರುತ್ತದೆ, ಕಬ್ಬಿಣ ಸಿಡಿದರೆ ಹತ್ತಿರ ನಿಂತವರ ಪ್ರಾಣ ಹೋಗುತ್ತದೆ. ಆದರೆ ಕಬ್ಬಿಣವನ್ನು ಆ ಹದಕ್ಕೆ ತರುವ ವಿದ್ಯೆ ಏನಾಯಿತೆಂದು ಒಂದೂವರೆ ಶತಮಾನ ಯಾರೂ ಕೇಳಲಿಲ್ಲ. ಚರಿತ್ರೆಯ ಪುಸ್ತಕಗಳಲ್ಲಿ ಸಿಗುವ ಹೆಸರುಗಳು ಹೈದರ್, ಟಿಪ್ಪು, ಕಾಂಗ್ರೀವ್. ತಗಡು ಬಡಿದವರ, ಮದ್ದು ಅರೆದವರ ಹೆಸರು ಅಲ್ಲಿಲ್ಲ.

ಮತ್ತೆ ಕೇಳಿದವರು ರಾಕೆಟ್ ಕೆಲಸದವರೇ. ಅಬ್ದುಲ್ ಕಲಾಂ 1963ರಲ್ಲಿ ತರಬೇತಿಗೆಂದು ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರಕ್ಕೆ ಹೋಗಿದ್ದಾಗ ಅಲ್ಲಿನ ಗೋಡೆಯ ಮೇಲೆ ರಾಕೆಟ್ಟು ಹಾರಿಸುತ್ತಿರುವ ಟಿಪ್ಪುವಿನ ಸೈನಿಕರ ಚಿತ್ರ ಕಂಡುದನ್ನು ತಮ್ಮ ಆತ್ಮಕತೆಯಲ್ಲಿ ಹೇಳಿಕೊಂಡಿದ್ದಾರೆ. ರೊದ್ದಂ ನರಸಿಂಹ 1985ರಲ್ಲಿ, ಗೋಡೆಯವರ ಪುಸ್ತಕ ಹೊರಬಂದಿದ್ದ ಅದೇ ಬಸವನಗುಡಿಯ ಸಂಸ್ಥೆಯಲ್ಲಿ, ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಕುರಿತು ಉಪನ್ಯಾಸ ಕೊಟ್ಟರು. ಕೊಳವೆ, ಒತ್ತಡ, ದೂರ ಇವುಗಳ ಲೆಕ್ಕ ಕನ್ನಡನಾಡಿನ ಚರಿತ್ರೆಯೊಂದಿಗೆ ಸೇರಿದ್ದು ಅಲ್ಲಿ.

ಅಷ್ಟು ಹೊತ್ತಿಗೂ ನೋಡಬೇಕಾದರೆ ಕೊಳವೆಗಳು ಲಂಡನ್ನಿನಲ್ಲಿ ಎಂಬ ಸ್ಥಿತಿಯೇ ಇತ್ತು. ಅದು ತಪ್ಪಿದ್ದು ಮಲೆನಾಡಿನಲ್ಲಿ. ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ, ಕೆಳದಿ ಅರಸರ ಹಳೆಯ ಬಿದನೂರು. 1763ರಲ್ಲಿ ಹೈದರ್ ಅದನ್ನು ಗೆದ್ದು ಹೈದರ್‌ನಗರವೆಂದು ಕರೆದ; ಹೈದರ್ ಬಿದ್ದುಹೋಗಿ ನಗರ ಉಳಿಯಿತು. 2002ರಲ್ಲಿ ಅಲ್ಲಿನ ಹಾಳುಬಾವಿಯೊಂದರ ಹೂಳೆತ್ತುವಾಗ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ನೂರಕ್ಕೂ ಹೆಚ್ಚು ಸಿಕ್ಕವು. ಏನೋ ಹಳೆಯ ಗುಂಡುಗಳಿರಬೇಕೆಂದು ಎಣಿಸಿದ್ದ ಅವು ಟಿಪ್ಪುವಿನ ಕಾಲದ ರಾಕೆಟ್ಟುಗಳೆಂದು ಗೊತ್ತಾದದ್ದು ವರ್ಷಗಳ ಮೇಲೆ, ಒಳಗಿನ ಪುಡಿಯನ್ನು ಪರೀಕ್ಷಿಸಿದಾಗ. 2018ರ ಜುಲೈಯಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿ ಮತ್ತೆ ಅಗೆದರು. ಬಾವಿಯ ಮಣ್ಣು ಮದ್ದಿನ ವಾಸನೆ ಹೊಡೆಯುತ್ತಿತ್ತು. ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ರಾಶಿಯಾಗಿ ಹೊರಬಂದವು. ಒಂದೊಂದೂ ಹೆಚ್ಚುಕಡಿಮೆ ಗೇಣುದ್ದ, ವುಲಿಚ್ಚಿನ ದೊಡ್ಡ ಕೊಳವೆಯ ಅಳತೆಯವೇ. ಬಿದಿರೂ ತೊಗಲೂ ಮಣ್ಣಾಗಿದ್ದವು, ಕಬ್ಬಿಣ ಉಳಿದಿತ್ತು.